ಒತ್ತಕ್ಷರಕ್ಕೆ ಎಷ್ಟು ಚುಕ್ಕಿ ಬೇಕು?

ಬಸವಕಲ್ಯಾಣ ಎಂಬ ಹೆಸರನ್ನು ಕಂಪ್ಯೂಟರಿನ ಪರದೆಯ ಮೇಲೆ 10 ಪಾಯಿಂಟ್ ಅಳತೆಯಲ್ಲಿ ಬರೆದರೆ ಇಡೀ ಸಾಲಿಗೆ ದಕ್ಕುವ ಎತ್ತರ ಸುಮಾರು 13 ಪಿಕ್ಸೆಲ್. ವಿಂಡೋಸ್ ಬಹುಕಾಲದಿಂದ ಹಿಡಿದುಕೊಂಡು ಬಂದ ಲೆಕ್ಕ ಇದು: ಇಂಚಿಗೆ 72 ಪಾಯಿಂಟ್, ಇಂಚಿಗೆ 96 ಪಿಕ್ಸೆಲ್, ಹಾಗಾಗಿ 10 ಪಾಯಿಂಟಿಗೆ 13.3 ಪಿಕ್ಸೆಲ್. ಇಂಗ್ಲಿಷ್ ಅಕ್ಷರಕ್ಕೆ ಈ ಹದಿಮೂರು ಧಾರಾಳ. ಕನ್ನಡಕ್ಕೆ ಹಾಗಲ್ಲ. ಅಷ್ಟರಲ್ಲೇ ಮೂಲಾಕ್ಷರ ಕೂರಬೇಕು, ತಲೆಯ ಮೇಲೆ ಗುಡಿಸೋ ಏತ್ವವೋ ಏರಬೇಕು, ಕಾಲಡಿಗೆ ಒತ್ತು ಇಳಿಯಬೇಕು. ಫಾಂಟಿನಿಂದ ಫಾಂಟಿಗೆ ವ್ಯತ್ಯಾಸವಿದ್ದರೂ ಮೂಲಾಕ್ಷರಕ್ಕೆ ಆರೇಳು, ಒತ್ತಿಗೆ ನಾಲ್ಕೈದು ಪಿಕ್ಸೆಲ್ ಸಿಕ್ಕರೆ ಅದೇ ಹೆಚ್ಚು. ‘ಕಲ್ಯಾಣ’ದ ಯ-ಒತ್ತಿನ ಸುಳಿ ಅಷ್ಟೇ ಜಾಗದಲ್ಲಿ ತಿರುಗಿ ಬರಬೇಕು. ‘ದ’ ಮತ್ತು ‘ಧ’ಗಳ ನಡುವಿನ ಭೇದವಂತೂ ಹೊಟ್ಟೆ ಸೀಳುವ ಒಂದೇ ಒಂದು ಗೀಟು; ಪರದೆಯ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಅಗಲ, ಎರಡೋ ಮೂರೋ ಪಿಕ್ಸೆಲ್ ಉದ್ದ. ಆ ಗೀಟು ಮಸುಕಾದರೆ ‘ಧನ’ ಹೋಗಿ ‘ದನ’ ಉಳಿಯುತ್ತದೆ. ಆದ್ದರಿಂದ ಪರದೆಯ ಮೇಲಿನ ಚಿತ್ರವನ್ನು ಯಾರು, ಎಲ್ಲಿ, ಎಷ್ಟು ಪಟ್ಟು ಹಿಗ್ಗಿಸುತ್ತಾರೆ ಎಂಬ ಪ್ರಶ್ನೆ ಕನ್ನಡದವರಿಗೆ ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಕಾಗುಣಿತವೇ ಅದರ ಮೇಲೆ ನಿಂತಿದೆ.

ಒಂದು ಗಣಕದೊಳಗೆ ಇನ್ನೊಂದು ಗಣಕ ಓಡುವಾಗ ಈ ಪ್ರಶ್ನೆ ಬಿಗಡಾಯಿಸುತ್ತದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳಲ್ಲಿ ಹೀಗೆ ಓಡಿಸುವ ಅಗತ್ಯ ಬೆಂಗಳೂರಿಗಿಂತ ಹೆಚ್ಚೇ ಇದೆ ಎನ್ನಬಹುದು. 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನೆಲವಿದು. ಆಡಳಿತ ಉರ್ದುವಿನಲ್ಲಿ, ಮನೆಮಾತು ಕನ್ನಡವೋ ಮರಾಠಿಯೋ, ತೆಲುಗಿನ ನೆರೆ ಬೇರೆ. ಇಲ್ಲಿನ ಮಾಣಿಕನಗರದ ಸಂತ ಮಾಣಿಕ ಪ್ರಭುಗಳೇ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದ ಕಟ್ಟಿದವರು. ಇಂಥ ಸೀಮೆಯಲ್ಲಿ ಒಂದೇ ಲಗ್ನಪತ್ರಿಕೆಯೋ ಜಾತ್ರೆಯ ಕರಪತ್ರವೋ ಎರಡು ಮೂರು ಲಿಪಿಗಳಲ್ಲಿ ಅಚ್ಚಾಗುವುದು ಸಹಜ. ಡಿಟಿಪಿ ಲೋಕ ಈ ಲಿಪಿಗಳಿಗೆಲ್ಲ ಬೇರೆ ಬೇರೆ ಹಳೆಯ ಸಾಧನಗಳನ್ನು ನೆಚ್ಚಿಕೊಂಡು ಬೆಳೆದದ್ದು. ಕನ್ನಡಕ್ಕೆ ನುಡಿ, ಬರಹ, ಶ್ರೀಲಿಪಿ, ಉರ್ದುವಿಗೆ ಇನ್‌ಪೇಜ್, ಪುಟ ಕಟ್ಟಲು ಪೇಜ್‌ಮೇಕರ್. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಹೊರಬಂದದ್ದು 2001ರಲ್ಲಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಲ್ಯಾಪ್‌ಟಾಪ್ ಹೊಸದಾಗುತ್ತದೆ, ಕಡತಗಳು ಹಳೆಯವೇ ಉಳಿಯುತ್ತವೆ. ಇವೆರಡರ ನಡುವಿನ ಸೇತುವೆಯೇ ವರ್ಚುವಲ್ ಮಷೀನ್: ಹೊಸ ಗಣಕದ ಒಂದು ಕಿಟಕಿಯಲ್ಲಿ ಹಳೆಯ ಗಣಕವೊಂದನ್ನು ಇಡಿಯಾಗಿ ಓಡಿಸುವ ತಂತ್ರಾಂಶ. ಇತ್ತ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ವಿಂಡೋಸ್ ಬಿಡದೆಯೇ ಲಿನಕ್ಸ್ ಕಲಿಯಲು ಹಿಡಿಯುವ ದಾರಿಯೂ ಅದೇ.

ವರ್ಚುವಲ್ ಮಷೀನ್ ಒಳಗಿನ ವ್ಯವಸ್ಥೆಗೆ ಎಲ್ಲವನ್ನೂ ನಟಿಸಿ ತೋರಿಸುತ್ತದೆ. ಇಲ್ಲದ ಡಿಸ್ಕನ್ನು ಇದೆ ಎನ್ನುತ್ತದೆ, ಇಲ್ಲದ ನೆಟ್‌ವರ್ಕ್ ಕಾರ್ಡನ್ನು ಇದೆ ಎನ್ನುತ್ತದೆ. ಈ ಎಲ್ಲ ನಟನೆಯಲ್ಲಿ ಸೋರಿಹೋಗುವ ಮಾಹಿತಿ ಒಂದಿದೆ: ಪರದೆಯ ನಿಜವಾದ ಗಾತ್ರ. ಸಾಧಾರಣ ಮಾನಿಟರನ್ನು ಗಣಕಕ್ಕೆ ಜೋಡಿಸಿದಾಗ ಅದು ತನ್ನ ಉದ್ದ ಅಗಲಗಳನ್ನು ಇಡಿಐಡಿ ಎಂಬ ಪುಟ್ಟ ದತ್ತಾಂಶದ ಮೂಲಕ ಹೇಳಿಕೊಳ್ಳುತ್ತದೆ. ಇಷ್ಟು ಪಿಕ್ಸೆಲ್ ಇಷ್ಟು ಸೆಂಟಿಮೀಟರಿನಲ್ಲಿದೆ ಎಂದು ತಿಳಿದ ವ್ಯವಸ್ಥೆ, ಅಕ್ಷರವನ್ನು ಎಷ್ಟು ದೊಡ್ಡದಾಗಿ ಬಿಡಿಸಬೇಕೆಂದು ಊಹಿಸಬಲ್ಲದು. ವರ್ಚುವಲ್ ಮಷೀನಿನ ಒಳಗಿರುವ ವ್ಯವಸ್ಥೆಗೆ ಸಿಗುವುದು ಸಾಮಾನ್ಯವಾಗಿ ಪಿಕ್ಸೆಲ್‌ಗಳ ಎಣಿಕೆ ಮಾತ್ರ: ಅಡ್ಡಲಾಗಿ ಇಷ್ಟು, ಉದ್ದಕ್ಕೆ ಇಷ್ಟು. ಆ ಪಿಕ್ಸೆಲ್‌ಗಳು ಸಾಸಿವೆಯಷ್ಟಿವೆಯೋ ಅದಕ್ಕೂ ಕಿರಿದೋ ಎಂಬುದು ಅದಕ್ಕೆ ಕಾಣದು. ಕಾಣದಿದ್ದಾಗ ಅದು ಹಳೆಯ ಅಭ್ಯಾಸಕ್ಕೆ ಜಾರಿ 96 ಎಂದು ನಂಬಿಕೊಳ್ಳುತ್ತದೆ. ಸ್ಕೇಲಿಂಗಿನ ಎಲ್ಲ ತಾಪತ್ರಯಗಳ ಬೇರು ಇಲ್ಲಿದೆ. ದೋಷ ಪರದೆಯದ್ದೂ ಅಲ್ಲ, ಹಳೆಯ ತಂತ್ರಾಂಶದ್ದೂ ಅಲ್ಲ. ನಡುವಿನ ಗೋಡೆಯನ್ನು ದಾಟಬೇಕಿದ್ದ ಒಂದು ಅಳತೆ ದಾಟದೇ ಹೋದದ್ದೇ ಕಾರಣ.

ಈ ತಪ್ಪು ನಂಬಿಕೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಹತ್ತು ಹನ್ನೆರಡು ವರ್ಷದ ಹಿಂದೆ ಎಲ್ಲೆಡೆ ಮಾರಾಟವಾಗುತ್ತಿದ್ದ 15.6 ಇಂಚಿನ, 1366×768 ಪರದೆಯಲ್ಲಿ ಇಂಚಿಗೆ ಸುಮಾರು 100 ಪಿಕ್ಸೆಲ್; 96ಕ್ಕೆ ಬಲು ಹತ್ತಿರ. ಆಗ ಸಮಸ್ಯೆಯೇ ಇರಲಿಲ್ಲ. 2012ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಬುಕ್ ಪ್ರೊದಲ್ಲಿ 2880×1800ರ ರೆಟಿನಾ ಪರದೆ ತಂದಿತು, ಇಂಚಿಗೆ 220. ಅಲ್ಲಿಂದೀಚೆಗೆ ಉಳಿದವರೂ ಹಿಂಬಾಲಿಸಿದರು. ಇವತ್ತು ಅಷ್ಟೇ ಪಿಕ್ಸೆಲ್‌ಗಳು 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಸಿಗುತ್ತವೆ, ಇಂಚಿಗೆ ಸುಮಾರು 243. ಅದರ ಮೇಲೆ ಒಳಗಿನ ಎಕ್ಸ್‌ಪಿ ತನ್ನ 96ರ ಲೆಕ್ಕದಲ್ಲಿ ಬಿಡಿಸಿದ 10 ಪಾಯಿಂಟಿನ ಅಕ್ಷರ ಕಣ್ಣಿಗೆ ಕಾಣುವುದು 4 ಪಾಯಿಂಟಿನಷ್ಟು. 15.6 ಇಂಚಿನ 3840×2160 ಪರದೆಯಾದರೆ ಇಂಚಿಗೆ 282, ಅಕ್ಷರ 3.4 ಪಾಯಿಂಟ್. ಔಷಧದ ಡಬ್ಬಿಯ ಹಿಂದಿನ ಬರಹವೂ ಇದಕ್ಕಿಂತ ವಾಸಿ. ಮೆನುಗಳು ಇರುವೆ ಸಾಲಾಗುತ್ತವೆ, ಮೌಸ್ ಹಿಡಿದು ಮೂಲೆಯ ಗುಂಡಿ ಒತ್ತುವುದೇ ಒಂದು ಸಾಹಸ. ಬಳಕೆದಾರ ಆಗ ಸಹಜವಾಗಿಯೇ ಚಿತ್ರವನ್ನು ಹಿಗ್ಗಿಸುವ ಯಾವುದೋ ಒಂದು ಆಯ್ಕೆಯನ್ನು ಹುಡುಕಿ ಒತ್ತುತ್ತಾನೆ. ಚಿತ್ರ ಹಿಗ್ಗುತ್ತದೆ, ಜೊತೆಗೆ ಮಂಜೂ ಕವಿಯುತ್ತದೆ.

ಮಂಜು ಏಕೆಂದರೆ ಹಿಗ್ಗಿಸುವ ಜಾಗ ಮೂರಿವೆ, ಮೂರೂ ಒಂದೇ ಕೆಲಸ ಮಾಡುವುದಿಲ್ಲ. ಮೊದಲನೆಯದು ಒಳಗಿನ ವ್ಯವಸ್ಥೆ. ಅದರ ಕೈಯಲ್ಲಿ ಫಾಂಟ್ ಇದೆ. ಫಾಂಟಿನಲ್ಲಿ ಅಕ್ಷರಗಳು ಪಿಕ್ಸೆಲ್‌ಗಳಾಗಿಲ್ಲ, ಬಾಹ್ಯರೇಖೆಗಳಾಗಿವೆ. ಎರಡು ಪಟ್ಟು ಬೇಕೆಂದರೆ ಅದು ರೇಖೆಯನ್ನು ಎರಡು ಪಟ್ಟು ದೊಡ್ಡದಾಗಿ ಹೊಸದಾಗಿ ಬಿಡಿಸುತ್ತದೆ. ಎರಡನೆಯದು ವರ್ಚುವಲ್ ಮಷೀನನ್ನು ಓಡಿಸುವ ತಂತ್ರಾಂಶ, ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್. ಅದಕ್ಕೆ ಸಿಗುವುದು ಬಿಡಿಸಿ ಮುಗಿದ ಚಿತ್ರ. ಅದರಲ್ಲಿ ಅಕ್ಷರವಿಲ್ಲ, ಬಣ್ಣದ ಚುಕ್ಕಿಗಳಷ್ಟೇ ಇವೆ. ಅದು ಎಳೆಯಬಲ್ಲದು, ಬಿಡಿಸಲಾರದು. ಮೂರನೆಯದು ಹೊರಗಿನ ವಿಂಡೋಸ್ ಅಥವಾ ಲಿನಕ್ಸ್. ಒಂದು ತಂತ್ರಾಂಶ ತಾನು ಹೊಸ ಪರದೆಗೆ ಸಿದ್ಧ ಎಂದು ಘೋಷಿಸಿಕೊಳ್ಳದಿದ್ದರೆ, ವಿಂಡೋಸ್ ವಿಸ್ಟಾ ಕಾಲದಿಂದಲೂ ಹೊರಗಿನ ವ್ಯವಸ್ಥೆ ಅದರ ಕಿಟಕಿಯನ್ನು ತಾನೇ ಎಳೆದು ದೊಡ್ಡದು ಮಾಡುತ್ತದೆ. ಇದೂ ಚುಕ್ಕಿಗಳನ್ನು ಎಳೆಯುವ ಕೆಲಸವೇ. ಮೂರು ಕಡೆಯೂ ತಲೆಹಾಕಿ ಒಂದೊಂದು ಆಯ್ಕೆ ಒತ್ತಿದರೆ, ಎಳೆದದ್ದನ್ನು ಮತ್ತೆ ಎಳೆದಂತಾಗುತ್ತದೆ.

ಎಳೆಯುವಾಗ ಏನಾಗುತ್ತದೆ ಎಂಬುದನ್ನು ಒಂದೇ ಗೀಟಿನಲ್ಲಿ ನೋಡಬಹುದು. ಬಿಳಿಯ ಮೇಲೆ ಒಂದು ಪಿಕ್ಸೆಲ್ ಅಗಲದ ಕಪ್ಪು ನಿಲುಗೀಟು ಇದೆಯೆನ್ನಿ. ‘ಧ’ದ ಹೊಟ್ಟೆ ಸೀಳಿದ ಗೀಟೇ ಇರಲಿ. ಶೇ. 150ಕ್ಕೆ ಎಳೆದರೆ ಪ್ರತಿ ಎರಡು ಪಿಕ್ಸೆಲ್ ಮೂರಾಗಬೇಕು. ಅಕ್ಕಪಕ್ಕದ ಚುಕ್ಕಿಗಳನ್ನು ತೂಗಿ ಬೆರೆಸುವ ಸಾಮಾನ್ಯ ವಿಧಾನದಲ್ಲಿ ಈ ಗೀಟು ಮೂರು ಪಿಕ್ಸೆಲ್‌ಗಳ ಮೇಲೆ ಹರಡಿಕೊಳ್ಳುತ್ತದೆ: ಒಂದರಲ್ಲಿ ಆರನೇ ಒಂದು ಭಾಗ ಕಪ್ಪು, ನಡುವಿನದರಲ್ಲಿ ಆರನೇ ಐದು, ಇನ್ನೊಂದರಲ್ಲಿ ಅರ್ಧ. ಪೂರ್ಣ ಕಪ್ಪು ಎಲ್ಲೂ ಇಲ್ಲ. ಪಕ್ಕದ ಸ್ಥಾನದಲ್ಲಿ ನಿಂತ ಗೀಟಿಗೆ ಇದೇ ಹಂಚಿಕೆ ತಿರುವುಮುರುವಾಗಿ ಬರುತ್ತದೆ, ಹಾಗಾಗಿ ಒಂದೇ ಸಾಲಿನ ಎರಡು ಗೀಟುಗಳು ಬೇರೆ ಬೇರೆ ಕಡೆಗೆ ಮಸುಕಾಗುತ್ತವೆ. ಎರಡು ಗೀಟುಗಳ ನಡುವೆ ಒಂದೇ ಪಿಕ್ಸೆಲ್ ಬಿಳಿ ಇದ್ದರೆ ಅದಕ್ಕೂ ಇದೇ ಗತಿ. ಪೂರ್ಣ ಬಿಳಿಯೂ ಉಳಿಯುವುದಿಲ್ಲ. ಒತ್ತಕ್ಷರದ ಸುಳಿಯೊಳಗಿನ ಬಯಲು ಹೀಗೆಯೇ ತುಂಬಿಹೋಗುವುದು. ಬೆರೆಸದೆ ಹತ್ತಿರದ ಚುಕ್ಕಿಯನ್ನು ನಕಲು ಮಾಡುವ ವಿಧಾನ ಹಿಡಿದರೆ ಮಸುಕು ಹೋಗುತ್ತದೆ, ಆದರೆ ಒಂದು ಗೀಟು ಒಂದು ಪಿಕ್ಸೆಲ್, ಅದರ ಪಕ್ಕದ್ದು ಎರಡು ಪಿಕ್ಸೆಲ್ ದಪ್ಪವಾಗುತ್ತದೆ. ಅಕ್ಷರಗಳು ಕುಂಟುತ್ತವೆ. ಶೇ. 200ಕ್ಕೆ ನಕಲು ಮಾಡಿದರೆ ಈ ತೊಂದರೆ ಒಂದೂ ಇಲ್ಲ: ಪ್ರತಿ ಪಿಕ್ಸೆಲ್ ಎರಡು ಅಡ್ಡ ಎರಡರ ಚೌಕವಾಗುತ್ತದೆ, ಪ್ರತಿ ಗೀಟೂ ಎರಡು ಪಿಕ್ಸೆಲ್, ಕಪ್ಪು ಕಪ್ಪಾಗಿಯೇ.

ಹುಮನಾಬಾದ್ ಬಳಿಯ ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಅವಳ ಕೈಯ ಮುಂದಿನ ಹಲಗೆಯಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನನ್ನು ಕೊಂಡಾಡುವ ಸಾಲುಗಳು ನಿಜವಾಗಿಯೂ ಕೆತ್ತಲ್ಪಟ್ಟಿವೆ; ಶಿಲ್ಪದೊಳಗೊಂದು ಶಾಸನ. ಆ ಪುಟ್ಟ ಬರಹದ ಅಚ್ಚುಪ್ರತಿ ತೆಗೆದು ಫೋಟೋ ಹಿಗ್ಗಿಸಿದರೆ ಕಾಗದದ ನಾರು ದೊಡ್ಡದಾಗಿ ಕಾಣುತ್ತದೆಯೇ ಹೊರತು ಉಳಿಯ ಗೆರೆ ಹರಿತವಾಗುವುದಿಲ್ಲ. ದೊಡ್ಡ ಅಕ್ಷರ ಬೇಕಿದ್ದರೆ ಕೆತ್ತುವವನಿಗೆ ಮೊದಲೇ ಹೇಳಬೇಕು. ನನ್ನ ವಾದವೂ ಇಷ್ಟೇ. ಹಿಗ್ಗಿಸುವ ಕೆಲಸ ಅಕ್ಷರ ಬಿಡಿಸುವವನಿಗೇ ಸೇರಬೇಕು, ಅಂದರೆ ಒಳಗಿನ ವ್ಯವಸ್ಥೆಗೆ. ಅದು ಎಷ್ಟು ಪಟ್ಟು ಬಿಡಿಸಿದರೂ ಅಡ್ಡಿಯಿಲ್ಲ, ಒಂದೂಕಾಲೋ ಒಂದೂವರೆಯೋ. ಒಳಗಿನದಕ್ಕೆ ಆ ಸಾಮರ್ಥ್ಯ ಇಲ್ಲದಿದ್ದಾಗ ಮಾತ್ರ ಹೊರಗೆ ಎಳೆಯಬೇಕು. ಎಳೆದರೆ ಪೂರ್ಣಾಂಕದಲ್ಲೇ ಎಳೆಯಬೇಕು.

ಒಳಗಿರುವುದು ವಿಂಡೋಸ್ 10 ಅಥವಾ 11, ಇಲ್ಲವೇ ಈಚಿನ ಉಬುಂಟು ಆಗಿದ್ದರೆ ಕೆಲಸ ಸುಲಭ. ವರ್ಚುವಲ್‌ಬಾಕ್ಸ್ ಆದರೆ ಗೆಸ್ಟ್ ಅಡಿಷನ್ಸ್ ಎಂಬ ಸಹಾಯಕ ತಂತ್ರಾಂಶವನ್ನು ಒಳಗೆ ಸ್ಥಾಪಿಸಿ, ಕಿಟಕಿಯ ಅಳತೆಗೆ ತಕ್ಕಂತೆ ಒಳಗಿನ ಪರದೆ ತಾನೇ ಬದಲಾಗುವಂತೆ ಬಿಡಬೇಕು. ಡಿಸ್ಪ್ಲೇ ವಿಭಾಗದ ಸ್ಕೇಲ್ ಫ್ಯಾಕ್ಟರನ್ನು ಶೇ. 100ರಲ್ಲೇ ಇಡಬೇಕು. ಆಮೇಲೆ ಒಳಗಿನ ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗಿಗೆ ಹೋಗಿ ಶೇ. 200 ಎಂದೋ 175 ಎಂದೋ ಆರಿಸಿ, ಒಮ್ಮೆ ಸೈನ್ ಔಟ್ ಆಗಿ ಮರಳಬೇಕು. ಈ ಸೈನ್ ಔಟ್ ಮಾಡದೆ ‘ಇನ್ನೂ ಮಸುಕಾಗಿದೆ’ ಎನ್ನುವವರು ಬಹಳ. ಹಳೆಯ ಮಾದರಿಯ ತಂತ್ರಾಂಶಗಳು ಒಳಬರುವಾಗ ಒಮ್ಮೆ ಕೇಳಿದ ಅಳತೆಯನ್ನೇ ಕೊನೆಯವರೆಗೂ ನಂಬುತ್ತವೆ. ಕಳೆದುಹೋದ ಅಳತೆಯನ್ನು ಗೋಡೆಯಾಚೆ ದಾಟಿಸುವ ಪ್ರಯತ್ನಗಳೂ ನಡೆದಿವೆ. ವಿಎಂವೇರ್ ವರ್ಕ್‌ಸ್ಟೇಷನ್ 2018ರ ಆವೃತ್ತಿಯಿಂದ ಹೊರಗಿನ ಸ್ಕೇಲಿಂಗನ್ನು ಒಳಗಿನ ವಿಂಡೋಸ್ 10ಕ್ಕೆ ತಿಳಿಸಬಲ್ಲದು. ಮೈಕ್ರೋಸಾಫ್ಟ್‌ನ ಹೈಪರ್-ವಿ ತನ್ನ ಎನ್‌ಹಾನ್ಸ್ಡ್ ಸೆಷನ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮಾರ್ಗವನ್ನು ಬಳಸುತ್ತದೆ, ಆ ಮಾರ್ಗದಲ್ಲಿ ಸ್ಕೇಲಿಂಗಿನ ಅಂಕಿಯೂ ಸಾಗುತ್ತದೆ. ಮಾಹಿತಿ ದಾಟಿದ ಕಡೆ ಮಂಜು ತಾನಾಗಿ ಕರಗುತ್ತದೆ ಎಂಬುದೇ ಬೇರು ಎಲ್ಲಿತ್ತೆಂಬುದಕ್ಕೆ ಸಾಕ್ಷಿ.

ಕಷ್ಟ ಇರುವುದು ಎಕ್ಸ್‌ಪಿಯಲ್ಲಿ. 2001ರ ಆ ವ್ಯವಸ್ಥೆಗೆ ಗೊತ್ತಿದ್ದ ದೊಡ್ಡ ಅಳತೆಯೆಂದರೆ ಮುಖ್ಯವಾಗಿ 120, ಅಂದರೆ ಶೇ. 125. ಅದಕ್ಕಿಂತ ಮೇಲೇರಿಸಿದರೆ ಹಳೆಯ ತಂತ್ರಾಂಶಗಳ ಸಂವಾದ ಪೆಟ್ಟಿಗೆಗಳಲ್ಲಿ ಅಕ್ಷರ ಬೆಳೆದು ಪೆಟ್ಟಿಗೆ ಬೆಳೆಯದೆ ಬರಹ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಹಾಗಾಗಿ ಇಲ್ಲಿ ಹೊರಗಿನ ಎಳೆತ ಅನಿವಾರ್ಯ, ಮತ್ತು ಪೂರ್ಣಾಂಕದ ನಿಯಮ ಕೆಲಸಕ್ಕೆ ಬರುವುದು ಇಲ್ಲೇ. 2880×1800ರ ಪರದೆಯಿದ್ದರೆ ಒಳಗಿನ ಎಕ್ಸ್‌ಪಿಗೆ 1440×900 ಕೊಟ್ಟು ಶೇ. 200ಕ್ಕೆ ಹಿಗ್ಗಿಸಬೇಕು. 14 ಇಂಚಿನಲ್ಲಿ ಆಗ ಇಂಚಿಗೆ ಸುಮಾರು 121 ‘ದೊಡ್ಡ ಪಿಕ್ಸೆಲ್’ ಸಿಗುತ್ತವೆ. 10 ಪಾಯಿಂಟಿನ ಅಕ್ಷರ 8 ಪಾಯಿಂಟಿನಷ್ಟು ಕಾಣುತ್ತದೆ. ಇನ್ನೂ ದೊಡ್ಡದು ಬೇಕೆಂದರೆ ಎಕ್ಸ್‌ಪಿಯೊಳಗಿನ 120ರ ಆಯ್ಕೆಯನ್ನು ಒತ್ತಬಹುದು. ಅಕ್ಷರ 10 ಪಾಯಿಂಟಿಗೆ ಬಂದು ನಿಲ್ಲುತ್ತದೆ. ಎರಡು ಕಡೆ ಹಿಗ್ಗಿಸಿದಂತಾಯಿತಲ್ಲ ಎಂದರೆ ಹೌದು, ಆದರೆ ಒಂದು ಬಿಡಿಸಿದ್ದು, ಇನ್ನೊಂದು ಪೂರ್ಣಾಂಕದಲ್ಲಿ ಎಳೆದದ್ದು. ಎರಡೂ ಗೀಟನ್ನು ಕೆಡಿಸುವುದಿಲ್ಲ. ಒಂದು ಎಚ್ಚರ ಬೇಕು. ಶೇ. 200ರಲ್ಲೂ ತಂತ್ರಾಂಶ ನಕಲು ಮಾಡುವ ಬದಲು ಬೆರೆಸಿ ನಯಗೊಳಿಸಿದರೆ ಗೀಟು ಕಾಲು, ಮುಕ್ಕಾಲು, ಮುಕ್ಕಾಲು, ಕಾಲು ಎಂದು ನಾಲ್ಕು ಪಿಕ್ಸೆಲ್‌ಗಳಿಗೆ ಹರಡುತ್ತದೆ. ಹಾಗಾಗುತ್ತಿದ್ದರೆ ಇನ್ನೊಂದು ದಾರಿಯಿದೆ: 2019ರಿಂದೀಚೆಗೆ ಇಂಟೆಲ್ ಮತ್ತು ಎನ್‌ವಿಡಿಯಾ ತಮ್ಮ ಹೊಸ ಗ್ರಾಫಿಕ್ಸ್ ಚಿಪ್‌ಗಳ ಡ್ರೈವರಿನಲ್ಲೇ ಪೂರ್ಣಾಂಕ ಸ್ಕೇಲಿಂಗ್ ಕೊಟ್ಟಿವೆ. ಅದನ್ನು ಚಾಲೂ ಮಾಡಿ, ಇಡೀ ಲ್ಯಾಪ್‌ಟಾಪಿನ ರೆಸಲ್ಯೂಷನನ್ನೇ ಅರ್ಧಕ್ಕಿಳಿಸಿ, ವರ್ಚುವಲ್ ಮಷೀನನ್ನು ಪೂರ್ಣ ಪರದೆಯಲ್ಲಿ ತೆರೆಯಬೇಕು.

ಎಕ್ಸ್‌ಪಿಯ ಮಾತು ಬಂದಾಗ ಕ್ಲಿಯರ್‌ಟೈಪ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಎಲ್‌ಸಿಡಿ ಪರದೆಯ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳ ಕೂಟ. ಕ್ಲಿಯರ್‌ಟೈಪ್ ಈ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೆಳಗಿಸಿ, ಅಡ್ಡಲಾಗಿ ಮೂರು ಪಟ್ಟು ಸೂಕ್ಷ್ಮತೆ ಇದ್ದಂತೆ ಕಣ್ಣನ್ನು ಒಲಿಸಿಕೊಳ್ಳುವ ಜಾಣ ತಂತ್ರ. ಆದರೆ ಒಳಗಿನ ಪಿಕ್ಸೆಲ್ ಹೊರಗಿನ ಪಿಕ್ಸೆಲ್ಲಿಗೆ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ನಡೆಯುವುದು. ಎಳೆದ ಕೂಡಲೇ, ಪೂರ್ಣಾಂಕದಲ್ಲಿ ಎಳೆದರೂ, ಪಟ್ಟಿಯ ಬೆಳಕು ಇಡೀ ಪಿಕ್ಸೆಲ್ಲಿನ ಬಣ್ಣವಾಗಿ ಅಕ್ಷರಕ್ಕೆ ಕೆಂಪು ನೀಲಿ ಅಂಚು ಕಟ್ಟುತ್ತದೆ. ಎಳೆಯುವ ವರ್ಚುವಲ್ ಮಷೀನಿನಲ್ಲಿ ಕ್ಲಿಯರ್‌ಟೈಪನ್ನು ನಿಲ್ಲಿಸಿಬಿಡಿ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಹಣ ಕೊಟ್ಟವರದು: 2880 ಪಿಕ್ಸೆಲ್‌ಗೆ ದುಡ್ಡು ತೆತ್ತು 1440ರಂತೆ ಬಳಸುವುದು ದಂಡವಲ್ಲವೇ? ದಂಡವಲ್ಲ. 96ರ ಲೆಕ್ಕಕ್ಕೆ ಹುಟ್ಟಿದ ತಂತ್ರಾಂಶಕ್ಕೆ ಹೆಚ್ಚು ಪಿಕ್ಸೆಲ್ ಕೊಟ್ಟರೆ ಅದು ಹೆಚ್ಚು ಸ್ಪಷ್ಟವಾಗುವುದಿಲ್ಲ, ಹೆಚ್ಚು ಸಣ್ಣದಾಗುತ್ತದೆ, ಅಷ್ಟೇ. 1440×900 ಎಂದರೆ ಪೇಜ್‌ಮೇಕರ್ 7 ಹೊರಬಂದ ಕಾಲದ ಮೇಜುಗಳ ಮೇಲೆ ಸಾಮಾನ್ಯವಾಗಿದ್ದ 1024×768ಕ್ಕಿಂತ ಬಹಳ ವಿಶಾಲ. ಹೊರಗಿನ ಹೊಸ ತಂತ್ರಾಂಶಗಳಿಗೆ ಪೂರ್ಣ ಪಿಕ್ಸೆಲ್‌ಗಳು ಇದ್ದೇ ಇವೆ. ಎರಡನೆಯದು ಅರ್ಧ ಸರಿಯಾದ ಆಕ್ಷೇಪ: ಒಳಗಿನ ವ್ಯವಸ್ಥೆಗೆ ಪೂರ್ಣ ರೆಸಲ್ಯೂಷನ್ ಕೊಟ್ಟರೆ ಗಣಕ ಏದುಸಿರು ಬಿಡುತ್ತದೆ. 3840×2160 ಪರದೆಯ ಒಂದು ಚಿತ್ರಕ್ಕೆ, ಪ್ರತಿ ಪಿಕ್ಸೆಲ್ಲಿಗೆ 4 ಬೈಟಿನಂತೆ, ಸುಮಾರು 3.3 ಕೋಟಿ ಬೈಟ್ ಬೇಕು; 1920×1080ಕ್ಕೆ ಅದರ ಕಾಲುಭಾಗ. ವರ್ಚುವಲ್ ಮಷೀನಿಗೆ 16 ಎಂಬಿ ವಿಡಿಯೋ ಮೆಮೊರಿ ಮಾತ್ರ ಕೊಟ್ಟಿದ್ದರೆ ದೊಡ್ಡ ಅಳತೆ ಪಟ್ಟಿಯಲ್ಲೇ ಕಾಣಿಸದು; 128 ಎಂಬಿಗೆ ಏರಿಸುವುದು ಮೊದಲ ಕೆಲಸ. ಆದರೂ ಗ್ರಾಫಿಕ್ಸ್ ಚಿಪ್ಪಿನ ನೆರವಿಲ್ಲದೆ ಪ್ರೊಸೆಸರೇ ಪ್ರತಿ ಚುಕ್ಕಿ ಬಿಡಿಸಬೇಕಾದಾಗ ಭಾರ ನಿಜವೇ.

ಆ ಭಾರ ಮುಖ್ಯವಾಗಿ ಬೀಳುವುದು ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳ ಮೇಲೆ. ಅವರ ಲ್ಯಾಪ್‌ಟಾಪ್ ಹೆಚ್ಚಾಗಿ 8 ಜಿಬಿ ಮೆಮೊರಿಯ, 1920×1080 ಪರದೆಯದು. 14 ಇಂಚಿನಲ್ಲಿ ಇಂಚಿಗೆ 157 ಪಿಕ್ಸೆಲ್. ಇದು ಎಡಬಿಡಂಗಿ ಅಳತೆ: ಶೇ. 100 ತೀರಾ ಸಣ್ಣ, 200 ತೀರಾ ದೊಡ್ಡ, ಬೇಕಾದದ್ದು ನಡುವಿನ 125 ಅಥವಾ 150. ಉಬುಂಟುವಿನ ಗ್ನೋಮ್ ಎಂಬ ಡೆಸ್ಕ್‌ಟಾಪಿನಲ್ಲಿ ಭಿನ್ನಾಂಕದ ಸ್ಕೇಲಿಂಗ್ 2019ರಿಂದ ಇದೆಯಾದರೂ, ಬಹುಕಾಲ ಅದು ಮಾಡುತ್ತ ಬಂದದ್ದು ಎಲ್ಲವನ್ನೂ ಎರಡು ಪಟ್ಟಿಗೆ ಬಿಡಿಸಿ ಆಮೇಲೆ ಕುಗ್ಗಿಸುವುದನ್ನು. ಪ್ರೊಸೆಸರಿಗೆ ಕೆಲಸ ಹೆಚ್ಚು, ಕೊನೆಗೂ ಕೊಂಚ ಮಸುಕು. ಇದಕ್ಕಿಂತ ಒಳ್ಳೆಯ ಉಪಾಯ, ಒಳಗಿನ ಸ್ಕೇಲಿಂಗನ್ನು 100ರಲ್ಲೇ ಬಿಟ್ಟು ಟ್ವೀಕ್ಸ್ ಎಂಬ ತಂತ್ರಾಂಶದಲ್ಲಿ ಅಕ್ಷರದ ಅಳತೆಯನ್ನು ಮಾತ್ರ 1.25ಕ್ಕೆ ಏರಿಸುವುದು. ಅಕ್ಷರ ಬಾಹ್ಯರೇಖೆಯಿಂದಲೇ ದೊಡ್ಡದಾಗಿ ಬಿಡಿಸಲ್ಪಡುತ್ತದೆ, ಎಳೆತ ಎಲ್ಲೂ ಇಲ್ಲ, ಪಿಕ್ಸೆಲ್ ಎಣಿಕೆ ಏರುವುದಿಲ್ಲ. ಐಕಾನ್‌ಗಳು ಸಣ್ಣವೇ ಉಳಿಯುತ್ತವೆ. ಉಳಿಯಲಿ, ಅವುಗಳಿಗೆ ಒತ್ತಕ್ಷರವಿಲ್ಲ.

ಅಚ್ಚಿನ ಕೆಲಸದವರ ಆಕ್ಷೇಪ ಇನ್ನೂ ಗಟ್ಟಿ. ಪರದೆ ಹೇಗೇ ಕಾಣಲಿ, ಮುದ್ರಕ ಇಂಚಿಗೆ 600 ಚುಕ್ಕಿಯಂತೆ ಫಾಂಟಿನ ರೇಖೆಯಿಂದಲೇ ಅಚ್ಚು ಹಾಕುತ್ತದೆ. ಕಾಗದದ ಮೇಲೆ ಎಲ್ಲವೂ ಸ್ಪಷ್ಟ. ನಿಜ, ಕಾಗದ ಸ್ಪಷ್ಟವಾಗಿಯೇ ಬರುತ್ತದೆ, ತಪ್ಪೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ. ಕರಡು ತಿದ್ದುವುದು ಪರದೆಯ ಮೇಲೆ. ‘ದ’ ಇದ್ದಲ್ಲಿ ‘ಧ’, ‘ಬ’ ಇದ್ದಲ್ಲಿ ‘ಭ’, ಸೊನ್ನೆಯಿರಬೇಕಾದಲ್ಲಿ ಇಲ್ಲದಿರುವುದು, ಇವೆಲ್ಲ ಕಣ್ತಪ್ಪುವುದು ಗೀಟು ಮಸುಕಾದಾಗಲೇ. ಅದೂ ನುಡಿ, ಬರಹದ ಹಳೆಯ ಎಂಟು ಬಿಟ್‌ನ ಫಾಂಟುಗಳಲ್ಲಿ ಅಕ್ಷರ ಒಂದೇ ಘಟಕವಲ್ಲ, ಚೂರುಗಳ ಜೋಡಣೆ. ಒತ್ತೊಂದು ಬೇರೆ ಚೂರು, ದೀರ್ಘ ಬೇರೆ ಚೂರು. ಜೋಡಣೆ ತುಸು ತಪ್ಪಿದ್ದನ್ನು ಕಂಡುಹಿಡಿಯಲು ಹರಿತವಾದ ಚಿತ್ರ ಬೇಕೇ ಬೇಕು. ಬಹುಲಿಪಿಯ ಪುಟದಲ್ಲಿ ಇನ್ನೂ ಒಂದು ಮೋಜಿದೆ. ಒಂದೇ ಭಿನ್ನಾಂಕದ ಎಳೆತ ಮೂರು ಲಿಪಿಗಳನ್ನು ಮೂರು ಬಗೆಯಲ್ಲಿ ಕೆಡಿಸುತ್ತದೆ. ಮರಾಠಿಯ ದೇವನಾಗರಿಯಲ್ಲಿ ಶಿರೋರೇಖೆ ಇಡೀ ಸಾಲಿನುದ್ದಕ್ಕೂ ಓಡುವುದರಿಂದ ಒಂದು ಸಾಲು ದಪ್ಪ, ಕೆಳಗಿನ ಸಾಲು ತೆಳುವಾಗಿ ಕಾಣುತ್ತದೆ. ಉರ್ದುವಿನ ನಸ್ತಾಲೀಖ್ ಓರೆಯಾಗಿ ಇಳಿಯುವ ಬರಹ. ಅದರ ಇಳಿಜಾರು ಮೆಟ್ಟಿಲಾಗುತ್ತದೆ, ಮೂರು ನುಕ್ತೆಗಳು ಒಂದೇ ಕಲೆಯಾಗುತ್ತವೆ. ಕನ್ನಡದಲ್ಲಿ ಸುಳಿಗಳು ಮುಚ್ಚಿಕೊಳ್ಳುತ್ತವೆ. ಪೂರ್ಣಾಂಕದ ಎಳೆತ ಈ ಮೂರರಲ್ಲಿ ಯಾವುದಕ್ಕೂ ಹೊಸ ಹಾನಿ ಮಾಡುವುದಿಲ್ಲ.

ಕೊನೆಯ ಆಕ್ಷೇಪ ಇಡೀ ಚರ್ಚೆಯನ್ನೇ ತಳ್ಳಿಹಾಕುತ್ತದೆ: ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗ ಕೊಟ್ಟಿದೆ, ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂದಿತ್ತು, ಇನ್ನೂ ಎಕ್ಸ್‌ಪಿಗೂ ಎಂಟು ಬಿಟ್‌ಗೂ ಜೋತುಬಿದ್ದು ವರ್ಚುವಲ್ ಮಷೀನು ಯಾಕೆ? ಹೊಸ ಬರವಣಿಗೆಗೆ ಸಂಬಂಧಿಸಿದಂತೆ ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಇವತ್ತು ಹೊಸ ಪುಸ್ತಕವನ್ನು ಎಂಟು ಬಿಟ್‌ನಲ್ಲಿ ಕಟ್ಟುವುದಕ್ಕೆ ಸಬೂಬಿಲ್ಲ. ಆದರೆ ಹಳೆಯ ಕಡತಗಳು ಇವೆ. ಅವುಗಳ ಪಠ್ಯವನ್ನು ಪರಿವರ್ತಕಗಳಿಂದ ಯೂನಿಕೋಡಿಗೆ ತರಬಹುದು. ಪುಟವಿನ್ಯಾಸ, ಅಂಕಣ, ಚಿತ್ರದ ಸ್ಥಾನ ಜೊತೆಗೆ ಬರುವುದಿಲ್ಲ. ಪರಿವರ್ತಿಸಿದ ಪಠ್ಯ ಮೂಲಕ್ಕೆ ಸರಿಯಾಗಿದೆಯೇ ಎಂದು ನೋಡಲಾದರೂ ಮೂಲವನ್ನು ಅದರದೇ ಫಾಂಟಿನಲ್ಲಿ ತೆರೆಯಬೇಕು, ಇಲ್ಲವಾದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಹಳೆಯ ವ್ಯವಸ್ಥೆಯನ್ನು ಬಿಡುವುದಕ್ಕೂ ಒಮ್ಮೆ ಅದನ್ನು ಚೆನ್ನಾಗಿ ಓಡಿಸಿ ನೋಡಬೇಕಾಗುತ್ತದೆ. ಹಾಗೆ ಓಡಿಸುವಾಗ ಎಕ್ಸ್‌ಪಿಗೆ ಇಂಟರ್ನೆಟ್ ಸಂಪರ್ಕ ಮಾತ್ರ ಕೊಡಬಾರದು. ಹತ್ತು ವರ್ಷಕ್ಕೂ ಮೇಲ್ಪಟ್ಟು ನಿಯಮಿತವಾದ ಭದ್ರತಾ ತೇಪೆ ಕಾಣದ ಮನೆ ಅದು.

ಎರಡನೆಯ ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸುವವರಿಗೆ ಒಂದೇ ಮಾತು. ಕಿಟಕಿಯನ್ನು ಹೆಚ್ಚು ಸಾಂದ್ರತೆಯ ಪರದೆಯಿಂದ ಕಡಿಮೆಯದಕ್ಕೆ ಎಳೆದೊಯ್ದಾಗ ಹೊರಗಿನ ವಿಂಡೋಸ್‌ಗೆ ಅಳತೆ ಬದಲಾದದ್ದು ತಿಳಿಯುತ್ತದೆ, ಒಳಗಿನ ಹಳೆಯ ವ್ಯವಸ್ಥೆಗೆ ತಿಳಿಯುವುದಿಲ್ಲ. ವರ್ಚುವಲ್ ಮಷೀನನ್ನು ಯಾವ ಪರದೆಯಲ್ಲಿ ಬಳಸಬೇಕೋ ಅಲ್ಲೇ ತೆರೆದು ಅಲ್ಲೇ ಮುಚ್ಚುವುದು ಲೇಸು.

ಲ್ಯಾಪ್‌ಟಾಪ್ ಕೊಳ್ಳಲು ಬೀದರಿಗೋ ಕಲಬುರಗಿಗೋ ಹೈದರಾಬಾದಿಗೋ ಹೊರಟವರು ಅಂಗಡಿಯಲ್ಲಿ ಪ್ರೊಸೆಸರಿನ ಹೆಸರು ಕೇಳುವಷ್ಟೇ ಗಮನದಿಂದ ಪರದೆಯ ಅಂಕಿಯನ್ನೂ ಕೇಳಿ ಅರ್ಧ ಮಾಡಿ ನೋಡಲಿ. 2560×1600 ಆದರೆ 1280×800, 2880×1800 ಆದರೆ 1440×900, 3840×2160 ಆದರೆ 1920×1080. ಹಳೆಯ ಡಿಟಿಪಿ ತಂತ್ರಾಂಶ ಈ ಮೂರರಲ್ಲೂ ಆರಾಮಾಗಿ ಕೂರುತ್ತದೆ. 1920×1080ರ ಅರ್ಧ 960×540. ಅಷ್ಟರಲ್ಲಿ ಪೇಜ್‌ಮೇಕರ್‌ನ ಪುಟವೂ ಪಕ್ಕದ ಪಟ್ಟಿಗಳೂ ಒಟ್ಟಿಗೆ ಹಿಡಿಸುವುದಿಲ್ಲ, ಹಾಗಾಗಿ ಎಕ್ಸ್‌ಪಿಯೊಳಗಿನ ಕೆಲಸಕ್ಕೆ ಆ ಪರದೆಯನ್ನು ಹಿಗ್ಗಿಸದೆ, 120ರ ಆಯ್ಕೆಯೊಂದಿಗೆ ಬಳಸುವುದೇ ಸರಿ. ಎಲ್ಲ ಹೊಂದಿಸಿಯಾದ ಮೇಲೆ 10 ಪಾಯಿಂಟಿನಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಧನ’, ‘ದನ’ ಎಂದು ಬರೆದು ಒಂದು ಮೊಳ ದೂರದಿಂದ ಓದಿ. ಧನ ದನಗಳು ಬೇರೆಯಾಗಿ ಕಂಡರೆ ಸೆಟ್ಟಿಂಗ್ ಸರಿಯಿದೆ, ಇನ್ನು ಮುಟ್ಟಬೇಡಿ.